ಎಮ್ಮೆ ಏರಿದ ನಾಯಕ, ಮಾತು ಕಳಕೊಂಡ ನಮ್ಮೂರು!

ಪೇಟೆಯ ಪ್ರೇಮಕಥೆಗೆ ಒಂದು ಪಾರ್ಕು, ಎರಡು ಕಪ್ಪು ಕಾಫಿ ಇದ್ದರೆ ಸಾಕು. ಹಳ್ಳಿಯ ಪ್ರೇಮಕಥೆಗೆ ಅಷ್ಟರಲ್ಲಿ ಬೇಳೆ ಬೇಯುವುದಿಲ್ಲ. ಹುಡುಗ ಒಮ್ಮೆ ತಿರುಗಿ ನೋಡಿದನೋ, ಬಾವಿಕಟ್ಟೆಯಲ್ಲಿ ಸುದ್ದಿ. ಇನ್ನೊಮ್ಮೆ ನೋಡಿದನೋ, ಹುಡುಗಿಯ ಸೋದರಮಾವ ಬಾರುಕೋಲು ಹಿಡಿದು ಹಾಜರ್! ಬಚ್ಚಿಡಲು ಜಾಗವೇ ಇಲ್ಲದ ಕಡೆ ಪ್ರೀತಿ ಮಾಡಬೇಕಲ್ಲ, ಅಲ್ಲೇ ಇರೋದು ತಮಾಷೆ. ನಾಯಕ, ನಾಯಕಿ, ಖಳನಾಯಕ ಎಂದು ನಾವು ಲೆಕ್ಕ ಹಾಕುತ್ತೇವೆ. ಹಳ್ಳಿ ಚಿತ್ರದಲ್ಲಿ ನಾಲ್ಕನೆಯ ಪಾತ್ರ ಇಡೀ ಊರು.

ಈ ಲೆಕ್ಕವನ್ನು ಕನ್ನಡ ಚಿತ್ರರಸಿಕರಿಗೆ ಚೆನ್ನಾಗಿ ಕಲಿಸಿದ ಚಿತ್ರ 1974ರ 'ಸಂಪತ್ತಿಗೆ ಸವಾಲ್'. ಎ.ವಿ. ಶೇಷಗಿರಿರಾವ್ ನಿರ್ದೇಶನ. ಭದ್ರನಾಗಿ ರಾಜ್, ಸೊಕ್ಕಿನ ದುರ್ಗಾ ಆಗಿ ಮಂಜುಳಾ. ಆಹಾ, ಆ ಮಂಜುಳಾ! ಸೊಂಟದ ಮೇಲೆ ಕೈಯಿಟ್ಟು ನಿಂತರೆ ಎದುರಿಗಿದ್ದವನು ಎರಡು ಹೆಜ್ಜೆ ಹಿಂದೆ. 1986ರಲ್ಲಿ ಅಕಾಲದಲ್ಲಿ ತೀರಿಕೊಂಡ ಆಕೆಯ ಜಾಗ ಇವತ್ತಿಗೂ ಖಾಲಿ ಎಂಬುದು ನನ್ನ ಖಚಿತ ಅಭಿಪ್ರಾಯ, ಬೇಕಾದವರು ಜಗಳಕ್ಕೆ ಬರಬಹುದು. ಇನ್ನು ರಾಜ್ ಎಮ್ಮೆಯ ಮೇಲೆ ಕೂತು ಹಾಡುವ ದೃಶ್ಯ! ಕುದುರೆ ಏರಿದ ನಾಯಕರನ್ನು ಕಂಡಿದ್ದ ಪ್ರೇಕ್ಷಕ ಎಮ್ಮೆ ಏರಿದವನನ್ನು ಕಂಡು ಶಿಳ್ಳೆ ಹೊಡೆದ. ರಾಜ್ ಪೂರ್ಣಪ್ರಮಾಣದ ಗಾಯಕರಾಗಿ ಬೆಳೆದದ್ದೂ ಆ ಹಾಡಿನಿಂದಲೇ.

ಆದರೆ ಓದುಗ ಮಿತ್ರರೇ, ಈ ಭದ್ರ, ಈ ದುರ್ಗಾ ಹುಟ್ಟಿದ್ದು ಗಾಂಧಿನಗರದಲ್ಲಲ್ಲ, ಮದ್ರಾಸಿನ ಸ್ಟುಡಿಯೋದಲ್ಲೂ ಅಲ್ಲ. ಅದು ಪಿ.ಬಿ. ಧುತ್ತರಗಿಯವರ ನಾಟಕ. ಧುತ್ತರಗಿ ಈಗಿನ ಬಾಗಲಕೋಟೆ ಜಿಲ್ಲೆಯ ಸೂಳೇಭಾವಿಯವರು. ಪತ್ನಿ ಸರೋಜಮ್ಮ ಹೆಸರಾಂತ ರಂಗನಟಿ. ಅಂದರೆ ಎಮ್ಮೆ ಬೆಂಗಳೂರಿನದಲ್ಲ, ನಮ್ಮ ಕಡೇದು!

ಅಕ್ಕಿಆಲೂರು, ಹಾನಗಲ್ಲು, ಸವಣೂರು, ಶಿಗ್ಗಾವಿ ಕಡೆಯ ಯಾವ ಹಿರಿಯರನ್ನೇ ಕೇಳಿ. ಸಿನಿಮಾಕ್ಕಿಂತ ಮೊದಲು ಧುತ್ತರಗಿಯವರ ನಾಟಕದ ಹೆಸರು ಹೇಳುತ್ತಾರೆ. ಜಾತ್ರೆ ಹತ್ತಿರ ಬಂತೆಂದರೆ ಹೊಲದ ಕೆಲಸ ಮುಗಿಸಿ ಹುಡುಗರು ರಾತ್ರಿ ತಾಲೀಮಿಗೆ ಕೂಡುವುದು, ಪೇಟಿ ಮಾಸ್ತರು ಬರುವುದು, ನಾಯಕಿ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯನ್ನು ಕರೆಸುವುದು, ಇದೆಲ್ಲ ಈ ಸೀಮೆಯ ರಿವಾಜು. ಆಕೆ ಬರೋದು ನಾಟಕದ ಹಿಂದಿನ ದಿನವೋ ಅದೇ ದಿನವೋ. ಅಷ್ಟು ದಿನ ಕಂಬಕ್ಕೆ ಪ್ರೇಮ ನಿವೇದನೆ ಮಾಡಿ ರೂಢಿಯಾದ ನಾಯಕ, ನಿಜವಾದ ನಾಯಕಿ ಎದುರು ನಿಂತಾಗ ಮಾತು ನುಂಗುತ್ತಾನೆ. ಕೆಳಗೆ ಕೂತ ಅವನ ಹೆಂಡತಿ ನಗುತ್ತಾಳೆ. ಊರೂ ನಗುತ್ತದೆ. ಇದಕ್ಕಿಂತ ದೊಡ್ಡ ಪ್ರಣಯ ಹಾಸ್ಯವನ್ನು ಯಾವ ಚಿತ್ರಕಥೆಗಾರ ಬರೆದಾನು?

ರಂಗದಿಂದ ತೆರೆಗೆ ಕಥೆ ಹೋಯಿತು, ಸೊಕ್ಕಿನ ಹುಡುಗಿ ಹೋದಳು, ಎಮ್ಮೆಯೂ ಹೋಯಿತು. ಮಾತು ಮಾತ್ರ ದಾರಿಯಲ್ಲೇ ಉಳಿಯಿತು! ಬೆಳ್ಳಿತೆರೆಯ ಹಳ್ಳಿ ಅಂದರೆ ಮೈಸೂರು ಮಂಡ್ಯದ ಕಡೆಯ ಹಳ್ಳಿ ಎಂದಾಯಿತು. ಆ ಮಾತೂ ಚಂದವೇ, ಅದರ ಮೇಲೆ ನಮಗೇನೂ ದ್ವೇಷವಿಲ್ಲ. ಆದರೆ ನಮ್ಮ 'ಹೌದಲ್ರೀ', 'ಏನಲೇ' ಯಾರ ಬಾಯಿಗೆ ಬಂತು? ಹಾಸ್ಯನಟನ ಬಾಯಿಗೆ, ಅದೂ ಬೆಂಗಳೂರಿಗೆ ಬಂದು ದಾರಿ ತಪ್ಪಿದ ಪೆದ್ದನ ಪಾತ್ರಕ್ಕೆ. ಪ್ರೀತಿ ಮಾಡೋ ಹುಡುಗ ಈ ಭಾಷೆ ಆಡಿದ್ದು ಬಲು ಅಪರೂಪ. ಟಿ.ಎಸ್. ನಾಗಾಭರಣರ 'ನಾಗಮಂಡಲ' (1997) ಬಂದಾಗ ಈ ಮಾತಿನಲ್ಲಿ ಪ್ರಣಯ ಎಷ್ಟು ಸೊಗಸು ಎಂದು ಗೊತ್ತಾಯಿತು. ಆದರೆ ಅದು ನಗಿಸುವ ಚಿತ್ರವಲ್ಲ.

ಸೊಕ್ಕಿನ ಹುಡುಗಿಯ ಕಥೆಗೆ ಬರೋಣ. ಅದು ಗಲ್ಲಾಪೆಟ್ಟಿಗೆಯ ಚಿನ್ನದ ಮೊಟ್ಟೆ. ಪರ್ವತವಾಣಿಯವರ 'ಬಹಾದ್ದೂರ್ ಗಂಡ' ನಾಟಕಕ್ಕೆ ಮೂಲ ಷೇಕ್ಸ್‌ಪಿಯರ್ ಮಹಾಶಯ. ಅದೇ ನಾಟಕ 1989ರಲ್ಲಿ 'ನಂಜುಂಡಿ ಕಲ್ಯಾಣ' ಆಗಿ ರಾಘವೇಂದ್ರ ರಾಜ್‌ಕುಮಾರ್ ಜೊತೆ ಮಾಲಾಶ್ರೀಯನ್ನು ನಮಗೆ ಕೊಟ್ಟಿತು. ಟಾಕೀಸುಗಳಲ್ಲಿ ಹಬ್ಬವೋ ಹಬ್ಬ. ಒಂದು ಮಾತು ಹೇಳಬೇಕು, ಕೋಪ ಮಾಡ್ಕೋಬೇಡಿ. ಈ ಚಿತ್ರಗಳಲ್ಲಿ ಮೊದಲರ್ಧ ಹುಡುಗಿ ಸೊಕ್ಕು ಮಾಡುವಾಗ ಇರುವ ಮಜಾ, ಕೊನೆಗೆ ಆಕೆ ತಲೆ ತಗ್ಗಿಸಿ ಸೆರಗು ಹೊದ್ದಾಗ ಇರುವುದಿಲ್ಲ. ನಾವು ಗಂಡುಹುಡುಗರು ಕ್ಲೈಮ್ಯಾಕ್ಸಿಗೆ ಚಪ್ಪಾಳೆ ತಟ್ಟುತ್ತೇವೆ ನಿಜ. ಮನೆಗೆ ಬಂದ ಮೇಲೆ ನೆನಪಾಗೋದು ಸೊಕ್ಕಿನ ಮಾಲಾಶ್ರೀಯೇ ಹೊರತು ತಲೆ ತಗ್ಗಿಸಿದವಳಲ್ಲ.

ಅದಕ್ಕೇ 1992ರ 'ಹಳ್ಳಿ ಮೇಷ್ಟ್ರು' ನನಗೆ ಒಂದು ಕೈ ಹೆಚ್ಚು. ಭಾಗ್ಯರಾಜ್ ಅವರ ತಮಿಳು ಚಿತ್ರ 'ಮುಂದಾನೈ ಮುಡಿಚ್ಚು' (1983) ಇದರ ಮೂಲ. ಕೈಗೂಸಿನ ಜೊತೆ ಊರಿಗೆ ಬಂದ ಹೆಂಡತಿ ಇಲ್ಲದ ಮೇಷ್ಟ್ರು ರವಿಚಂದ್ರನ್. ಅವರ ಬೆನ್ನು ಹತ್ತೋದು ಹುಡುಗಿ, ಬಿಂದಿಯಾ! ಪಂಚಾಯಿತಿ ಎದುರು ಸುಳ್ಳು ಹೇಳಿ ಗಂಡನನ್ನು ಗಿಟ್ಟಿಸಿಕೊಳ್ಳುವ ಕಿಲಾಡಿ. ಊರಿನ ಬಾಯಿಗೆ ಹೆದರಿ ಓಡುವ ಬದಲು ಆ ಬಾಯನ್ನೇ ಆಯುಧ ಮಾಡಿಕೊಂಡಳಲ್ಲ, ಅಲ್ಲಿ ನಾಲ್ಕನೆಯ ಪಾತ್ರಕ್ಕೆ ನಿಜವಾದ ಕೆಲಸ ಸಿಕ್ಕಿತು. ನುಗ್ಗೇಕಾಯಿ ವಿಷಯ ಇಲ್ಲಿ ಬರೆಯಬೇಕಿಲ್ಲ, ಗೊತ್ತಿದ್ದವರಿಗೆ ಗೊತ್ತು. 'ಪುಟ್ನಂಜ'ದ (1995) ಅಜ್ಜಿ ಪುಟ್ಮಲ್ಲಿ, ಅದೇ ಉಮಾಶ್ರೀ, ನಾಯಕ-ನಾಯಕಿಯರ ಚಪ್ಪಾಳೆಯನ್ನು ಹಾಡಹಗಲೇ ಕದ್ದದ್ದೂ ಮರೆಯುವಂತಿಲ್ಲ.

ಈಗ ನಮ್ಮ ಅಕ್ಕಿಆಲೂರಿನ ಮಗ್ಗುಲಿಗೇ ಬರೋಣ. ಇದೇ ಹಾನಗಲ್ ತಾಲ್ಲೂಕಿನ ತಿಳವಳ್ಳಿಯಲ್ಲಿ ಬೆಳೆದ ಹುಡುಗ ಯೋಗರಾಜ್ ಭಟ್. 2006ರ ಕೊನೆಗೆ 'ಮುಂಗಾರು ಮಳೆ' ಸುರಿಸಿ ಇಡೀ ನಾಡನ್ನು ತೋಯಿಸಿದವರು. ಆ ಮಳೆ ಬಿದ್ದದ್ದು ಮಡಿಕೇರಿಯ ಕಥೆಯಲ್ಲಿ. ನಮ್ಮ ಭತ್ತದ ಗದ್ದೆಗೆ ಸುರಿಯುವ ಮಳೆಗೆ ಟಿಕೀಟಿಲ್ಲ ಬಿಡಿ. 2008ರ 'ಗಾಳಿಪಟ'ದಲ್ಲಿ ಪೇಟೆಯ ಮೂರು ಹುಡುಗರು ಮುಗಿಲುಪೇಟೆ ಎಂಬ ಊರಿಗೆ ಹೋಗಿ ಮನಸ್ಸು ಕಳಕೊಳ್ಳುತ್ತಾರೆ. ಭಟ್ಟರ ನಾಯಕರು ಕೆಲಸ ಕಡಿಮೆ, ಮಾತು ಜಾಸ್ತಿ. ಎದೆ ಒಡೆದರೂ ಒಂದು ಕೊಂಕು ಮಾತು ಆಡಿಯೇ ಅಳೋದು. ವಿಮರ್ಶಕರು ಇದನ್ನು ಹೊಸತನ ಅಂದರು. ಅರಳಿಕಟ್ಟೆ ಮೇಲೆ ಸಂಜೆ ಕೂತು ಎಲೆ-ಅಡಿಕೆ ಹಾಕ್ಕೊಂಡು ಒಬ್ಬರನ್ನೊಬ್ಬರು ಕಾಲೆಳೆಯುವ ನಮ್ಮ ಕಡೆಯವರಿಗೆ ಅದು ಹಳೇ ಮಾಲು. ಭಟ್ಟರು ನಮ್ಮ ಕಟ್ಟೆಯ ಧಾಟಿಯನ್ನು ಒಯ್ದರು, ನುಡಿಯನ್ನು ಪೇಟೆಯದಾಗಿಸಿದರು ಅಂತ ನನ್ನ ಗುಮಾನಿ. 2023ರಲ್ಲಿ 'ಗರಡಿ'ಗಾಗಿ ರಟ್ಟೀಹಳ್ಳಿಗೆ ತಿರುಗಿ ಬಂದರು, ಆದರೆ ಅಲ್ಲಿ ಪ್ರೀತಿಗಿಂತ ಪೈಲವಾನರ ತೋಳಿಗೇ ಹೆಚ್ಚು ಜಾಗ.

'ಆ ಭಾಷೆ ಬೆಂಗಳೂರಲ್ಲಿ ಓಡೋಲ್ಲ ಸ್ವಾಮಿ' ಎಂಬ ಹಳೇ ರಾಗ ಇನ್ನು ನಡೆಯದು. ಉತ್ತರ ಕರ್ನಾಟಕದ ಹುಡುಗರು ಹೊಲ, ಬದು, ಎಮ್ಮೆ ಕೊಟ್ಟಿಗೆ ಇಟ್ಟುಕೊಂಡು ಮಾಡುವ ನಗೆ ವಿಡಿಯೋಗಳನ್ನು ಮೊಬೈಲಿನಲ್ಲಿ ಮೈಸೂರಿನವರೂ ನೋಡ್ತಾರೆ, ಮಂಗಳೂರಿನವರೂ ನೋಡ್ತಾರೆ. ಅಲ್ಲಿ ಹುಡುಗ ಹುಡುಗಿಗೆ 'ನೀ ಹಂಗ ನೋಡಬ್ಯಾಡ, ಕೈಯಾಗಿನ ಕುಡುಗೋಲು ಜಾರತೈತಿ' ಅಂದರೆ ಯಾರಿಗೂ ಅರ್ಥ ಹೇಳಬೇಕಿಲ್ಲ. ಅದನ್ನೇ 70 ಎಂಎಂ ತೆರೆಯ ಮೇಲೆ ಒಬ್ಬ ಸ್ಟಾರ್ ಅಂದು ನೋಡಲಿ!

ಕಥೆ ಬೇಕೇ? ದೀಪಾವಳಿ ಆದ ಮೇಲೆ ಅಕ್ಕಿಆಲೂರಿನ ಕಡೆ ಹೋರಿ ಹಬ್ಬಕ್ಕೆ ಬನ್ನಿ. ಕೊರಳಲ್ಲಿ ಒಣಕೊಬ್ಬರಿ ಸರ, ಮೈಮೇಲೆ ಜೂಲ, ಕೋಡಿಗೆ ಬಲೂನು. ಹೋರಿಗಳಿಗೆ ನಾಯಕನಟರಂತೆ ಹೆಸರು, ಫ್ಲೆಕ್ಸು, ಅಭಿಮಾನಿ ಬಳಗ. ಹೋರಿ ನುಗ್ಗಿ ಬರುತ್ತದೆ, ಹುಡುಗರು ಕೊಬ್ಬರಿಗೆ ಕೈ ಹಾಕುತ್ತಾರೆ, ಮಾಳಿಗೆ ಮೇಲೆ ಹೆಣ್ಣುಮಕ್ಕಳ ಸಾಲು. ಕೊಬ್ಬರಿ ಹರಿಯಲು ಹೋದವನು ಹೋರಿಯನ್ನು ನೋಡುವ ಬದಲು ಮಾಳಿಗೆ ನೋಡಿದ ಅಂತಿಟ್ಟುಕೊಳ್ಳಿ... ಮತ್ತು ಹೋರಿ ಆ ಹುಡುಗಿಯ ಅಪ್ಪಂದೇ ಅಂತಿಟ್ಟುಕೊಳ್ಳಿ... ನಿರ್ಮಾಪಕರೇ, ಇಂಟರ್ವೆಲ್ ತನಕ ಆಯಿತಲ್ರೀ!