ಬಿದ್ದ ಊರಿನ ಹೆಸರು, ಬಂದ ಲೋಕದ ಗುರುತು

1803ರ ಏಪ್ರಿಲ್ 26ರ ಮಧ್ಯಾಹ್ನ ಫ್ರಾನ್ಸಿನ ನಾರ್ಮಂಡಿ ಪ್ರಾಂತ್ಯದ ಲೇಗ್ಲ್ ಪಟ್ಟಣದ ಸುತ್ತ ಆಕಾಶದಿಂದ ಕಲ್ಲಿನ ಮಳೆಯಾಯಿತು. ಮೇಲಿಂದ ಕಲ್ಲು ಬೀಳುವುದೆಲ್ಲ ಹಳ್ಳಿಗರ ಕಟ್ಟುಕತೆ ಎಂದು ಆ ಕಾಲದ ಪಂಡಿತರಲ್ಲಿ ಬಹಳ ಜನ ನಂಬಿದ್ದರು. ಇಂಥ ಕಲ್ಲುಗಳು ಭೂಮಿಯಾಚೆಯಿಂದ ಬರುತ್ತವೆ ಎಂದು 1794ರಲ್ಲೇ ಬರೆದಿದ್ದ ಜರ್ಮನಿಯ ಅರ್ನ್ಸ್ಟ್ ಕ್ಲಾಡ್ನಿಯ ಮಾತಿಗೂ ಹೆಚ್ಚಿನ ಬೆಲೆ ಸಿಕ್ಕಿರಲಿಲ್ಲ. ಲೇಗ್ಲ್ ಘಟನೆಯನ್ನು ಪರಿಶೀಲಿಸಲು ಸರ್ಕಾರ ಜಾನ್ ಬಾಪ್ಟಿಸ್ಟ್ ಬಯೋ ಎಂಬ ಯುವ ಭೌತವಿಜ್ಞಾನಿಯನ್ನು ಕಳಿಸಿತು.

ಬಯೋ ಊರೂರು ಅಲೆದು ಸಾಕ್ಷಿಗಳನ್ನು ವಿಚಾರಿಸಿದ. ಕಲ್ಲು ಸಿಕ್ಕ ಜಾಗಗಳನ್ನೆಲ್ಲ ನಕ್ಷೆಯ ಮೇಲೆ ಗುರುತಿಸಿದಾಗ ಸುಮಾರು ಹತ್ತು ಕಿಲೋಮೀಟರ್ ಉದ್ದ, ನಾಲ್ಕು ಕಿಲೋಮೀಟರ್ ಅಗಲದ ದೀರ್ಘವೃತ್ತ ಮೂಡಿತು. ಅದರ ಒಂದು ತುದಿಯಲ್ಲಿ ದೊಡ್ಡ ಕಲ್ಲುಗಳು, ಇನ್ನೊಂದು ತುದಿಯಲ್ಲಿ ಚಿಕ್ಕವು. ಓರೆಯಾಗಿ ಬಂದ ಬಂಡೆಯೊಂದು ಗಾಳಿಯಲ್ಲಿ ಒಡೆದರೆ ಮಾತ್ರ ಚೂರುಗಳು ಹೀಗೆ ಚೆಲ್ಲುತ್ತವೆ. ಸುಳ್ಳು ಹೇಳುವ ಹಳ್ಳಿಗರೆಲ್ಲ ಸೇರಿದರೂ ಇಂಥದೊಂದು ಆಕೃತಿಯನ್ನು ಹೆಣೆಯಲು ಸಾಧ್ಯವಿರಲಿಲ್ಲ. ಪಂಡಿತರ ಸಂಶಯ ಬಹುಮಟ್ಟಿಗೆ ಅಲ್ಲಿಗೆ ಅಳಿಯಿತು.

ಅದಕ್ಕೆ ಒಂದು ವರ್ಷ ಮೊದಲು ಇಂಗ್ಲೆಂಡಿನಲ್ಲಿ ಎಡ್ವರ್ಡ್ ಹೋವರ್ಡ್ ಎಂಬ ರಸಾಯನವಿಜ್ಞಾನಿ ಬೇರೆ ಬೇರೆ ದೇಶಗಳಲ್ಲಿ ಬಿದ್ದಿದ್ದ ಕಲ್ಲುಗಳನ್ನು ವಿಶ್ಲೇಷಿಸಿದ್ದ. ಅವುಗಳಲ್ಲಿ 1798ರಲ್ಲಿ ಕಾಶಿಯ ಬಳಿ ಬಿದ್ದ ಕಲ್ಲೂ ಇತ್ತು. ಎಲ್ಲದರೊಳಗಿನ ಲೋಹದಲ್ಲೂ ಕಬ್ಬಿಣದ ಜೊತೆ ನಿಕ್ಕಲ್ ಸಿಕ್ಕಿತು. ಉಲ್ಕಾಶಿಲೆಗಳ ವಿಜ್ಞಾನ ಈ ಎರಡು ಕೆಲಸಗಳಿಂದ ಬೆಳೆಯಿತು: ಕಲ್ಲು ಎಲ್ಲಿ ಬಿತ್ತೆಂದು ಗುರುತಿಸುವುದು, ಅದರೊಳಗೆ ಏನಿದೆಯೆಂದು ನೋಡುವುದು.

ಇಂದು ಅಂತರರಾಷ್ಟ್ರೀಯ ಉಲ್ಕಾಶಿಲಾ ಸಂಘದ ದಾಖಲೆಯಲ್ಲಿ 70,000ಕ್ಕೂ ಹೆಚ್ಚು ಉಲ್ಕಾಶಿಲೆಗಳಿವೆ. ಬೀಳುವುದನ್ನು ಕಂಡು ಹೆಕ್ಕಿದವು ‘ಪತನ’, ಯಾವಾಗಲೋ ಬಿದ್ದು ಆಮೇಲೆ ಸಿಕ್ಕವು ‘ಪತ್ತೆ’. ಪತನಗಳ ಸಂಖ್ಯೆ 1,300ರ ಆಸುಪಾಸು, ಉಳಿದದ್ದೆಲ್ಲ ಪತ್ತೆ. ಇವನ್ನು ವಿಶ್ವದ ನಕ್ಷೆಯಲ್ಲಿ ಚುಕ್ಕಿಯಿಟ್ಟು ನೋಡಿದರೆ ಅಂಟಾರ್ಕ್ಟಿಕಾ, ಸಹಾರಾ, ಒಮಾನ್, ಚಿಲಿಯ ಅಟಕಾಮಾಗಳಲ್ಲಿ ಚುಕ್ಕಿಗಳು ಕಿಕ್ಕಿರಿದಿರುತ್ತವೆ. ಅಮೆಜಾನ್, ಕಾಂಗೋ ಕಾಡುಗಳು ಹೆಚ್ಚುಕಡಿಮೆ ಖಾಲಿ. ಆಕಾಶಕ್ಕೆ ಮರುಭೂಮಿಯ ಮೇಲೆ ವಿಶೇಷ ಒಲವೇನಿಲ್ಲ. ಕಾಡಿನ ತೇವದಲ್ಲಿ ಕಬ್ಬಿಣ ತುಕ್ಕು ಹಿಡಿದು ಕಲ್ಲು ಮಣ್ಣಾಗುತ್ತದೆ, ಒಣ ಮರಳಿನಲ್ಲಿ ಸಾವಿರಾರು ವರ್ಷ ಉಳಿಯುತ್ತದೆ. ಪತನಗಳ ನಕ್ಷೆಯಲ್ಲಿ ಇನ್ನೊಂದು ಬಗೆಯ ಪಕ್ಷಪಾತವಿದೆ. ಗಂಗೆಯ ಬಯಲಿನಂತೆ ಜನ ದಟ್ಟವಾಗಿರುವ ಕಡೆ ಚುಕ್ಕಿ ಹೆಚ್ಚು, ಏಕೆಂದರೆ ಅಲ್ಲಿ ನೋಡುವ ಕಣ್ಣುಗಳು ಹೆಚ್ಚು.

ಎಲ್ಲಕ್ಕಿಂತ ದೊಡ್ಡ ಕಣಜ ಅಂಟಾರ್ಕ್ಟಿಕಾ. ದಾಖಲಾದ ಉಲ್ಕಾಶಿಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಯವೇ. 1969ರಲ್ಲಿ ಯಮಾಟೊ ಪರ್ವತಗಳ ಬಳಿ ಜಪಾನಿನ ತಂಡಕ್ಕೆ ಹತ್ತಿರ ಹತ್ತಿರದಲ್ಲೇ ಒಂಬತ್ತು ಕಲ್ಲುಗಳು ಸಿಕ್ಕವು. ಒಂದೇ ಬಂಡೆಯ ಚೂರುಗಳಿರಬೇಕೆಂದುಕೊಂಡರೆ, ಪರೀಕ್ಷೆಯಲ್ಲಿ ಅವು ಬೇರೆ ಬೇರೆ ಜಾತಿಯವು ಎಂದು ತಿಳಿಯಿತು. ಹಾಗಾದರೆ ಅವನ್ನು ಒಂದೆಡೆ ತಂದು ಸೇರಿಸಿದ್ದು ಯಾವುದು? ಹಿಮದಲ್ಲಿ ಹುದುಗಿದ ಕಲ್ಲುಗಳು ನೀರ್ಗಲ್ಲಿನ ಜೊತೆ ನಿಧಾನವಾಗಿ ಸಮುದ್ರದ ಕಡೆಗೆ ಸಾಗುತ್ತವೆ. ದಾರಿಯಲ್ಲಿ ಪರ್ವತ ಅಡ್ಡ ಬಂದರೆ ನೀರ್ಗಲ್ಲು ಮೇಲೇಳುತ್ತದೆ. ಅಲ್ಲಿನ ಬಿರುಗಾಳಿ ಅದನ್ನು ವರ್ಷ ವರ್ಷವೂ ಸವೆಸುತ್ತದೆ, ಕಲ್ಲುಗಳು ಮಾತ್ರ ಮೇಲೆ ಉಳಿಯುತ್ತವೆ. ಈ ಗುಟ್ಟು ತಿಳಿದ ಮೇಲೆ ಅಮೆರಿಕದ ತಂಡಗಳೂ 1976ರಿಂದ ಅಲ್ಲಿ ಹುಡುಕಾಟಕ್ಕಿಳಿದವು.

ಉಲ್ಕಾಶಿಲೆಗೆ ಅದು ಸಿಕ್ಕ ಊರಿನ ಅಥವಾ ಹತ್ತಿರದ ಬೆಟ್ಟ, ನದಿಯ ಹೆಸರಿಡುತ್ತಾರೆ. ಸಾವಿರಾರು ಕಲ್ಲುಗಳಿದ್ದು ಊರೇ ಇಲ್ಲದ ಕಡೆ ಪ್ರದೇಶದ ಹೆಸರಿನ ಮುಂದೆ ಸಂಖ್ಯೆ ಸೇರಿಸುತ್ತಾರೆ. ಮಂಗಳನ ಜೀವಿಗಳ ಕುರಿತ ವಾದದಿಂದ ಪ್ರಸಿದ್ಧವಾದ ‘ಅಲನ್ ಹಿಲ್ಸ್ 84001’ ಅಂಥದು. ಹೆಸರು ಸುಮ್ಮನೆ ಸಿಗುವುದಿಲ್ಲ. ಕಲ್ಲಿನ ಜಾತಿಯನ್ನು ನಿರ್ಧರಿಸಿ ಸಂಘದ ನಾಮಕರಣ ಸಮಿತಿಗೆ ವರದಿ ಕೊಡಬೇಕು, ಮಾದರಿಯಾಗಿ 20 ಗ್ರಾಂ ಅಥವಾ ಕಲ್ಲಿನ ಐದನೇ ಒಂದು ಪಾಲು, ಯಾವುದು ಕಡಿಮೆಯೋ ಅಷ್ಟನ್ನು ಮಾನ್ಯ ಸಂಸ್ಥೆಯಲ್ಲಿ ಇರಿಸಬೇಕು.

ಸ್ಥೂಲವಾಗಿ ಜಾತಿಗಳು ಮೂರು: ಶಿಲೆ, ಕಬ್ಬಿಣ, ಎರಡೂ ಬೆರೆತದ್ದು. ಶಿಲೆಗಳಲ್ಲಿ ಬಹುಪಾಲು ಕಾಂಡ್ರೈಟ್‌ಗಳು. ಇವುಗಳನ್ನು ಕೊಯ್ದು ನೋಡಿದರೆ ರಾಗಿಕಾಳಿನಂಥ ದುಂಡು ಕಣಗಳು ಕಾಣುತ್ತವೆ, ಅವೇ ಕಾಂಡ್ರೂಲ್‌ಗಳು. ಸೌರವ್ಯೂಹ ರೂಪುಗೊಳ್ಳುತ್ತಿದ್ದಾಗ ಧೂಳು ಕರಗಿ, ಹನಿಯಾಗಿ, ತಣಿದು ಇವು ಹುಟ್ಟಿದವು. ಮೆಕ್ಸಿಕೋದಲ್ಲಿ 1969ರಲ್ಲಿ ಬಿದ್ದ ಅಯೆಂದೆಯಂಥ ಕಾಂಡ್ರೈಟ್‌ಗಳಲ್ಲಿ ಇನ್ನೂ ಹಳೆಯ ಬಿಳಿ ಚೂರುಗಳಿವೆ. ಅಂಥವುಗಳ ವಯಸ್ಸು ಸುಮಾರು 456.7 ಕೋಟಿ ವರ್ಷ. ಸೌರವ್ಯೂಹದ ವಯಸ್ಸನ್ನು ನಾವು ಎಣಿಸುವುದು ಇವುಗಳಿಂದಲೇ.

ಕಬ್ಬಿಣದ ಉಲ್ಕೆಗಳು ಕರಗಿದ ಕ್ಷುದ್ರಗ್ರಹಗಳ ಗರ್ಭದಿಂದ ಬಂದವು ಎಂಬುದು ಸಾಮಾನ್ಯ ತಿಳಿವಳಿಕೆ. ಅವನ್ನು ಉಜ್ಜಿ ನಯಗೊಳಿಸಿ ಆಮ್ಲ ಹಚ್ಚಿದರೆ ಬಹಳಷ್ಟರಲ್ಲಿ ಹೆಣೆದ ಪಟ್ಟಿಗಳ ವಿನ್ಯಾಸ ಮೂಡುತ್ತದೆ. ಲಕ್ಷಾಂತರ ವರ್ಷ ನಿಧಾನವಾಗಿ ತಣಿದ ಕಬ್ಬಿಣ-ನಿಕ್ಕಲ್‌ನಲ್ಲಿ ಮಾತ್ರ ಇದು ಸಾಧ್ಯ. ಕಣ್ಣಿಗೆ ಬೇಗ ಬೀಳುವುದರಿಂದ ಜನ ಕಬ್ಬಿಣವನ್ನೇ ಉಲ್ಕೆಯೆಂದು ತಿಳಿಯುವುದುಂಟು. ಪತನಗಳ ಲೆಕ್ಕ ಬೇರೆಯೇ ಹೇಳುತ್ತದೆ: ಸಾಮಾನ್ಯ ಕಾಂಡ್ರೈಟ್‌ಗಳ ಪಾಲು ನೂರಕ್ಕೆ ಎಂಬತ್ತರಷ್ಟು, ಕಬ್ಬಿಣದ ಪಾಲು ನೂರಕ್ಕೆ ಐದರ ಹತ್ತಿರ.

ಸಾಮಾನ್ಯ ಕಾಂಡ್ರೈಟ್‌ಗಳಲ್ಲೂ ಮೂರು ಕುಲಗಳಿವೆ. ಕಬ್ಬಿಣ ಹೆಚ್ಚಿದ್ದರೆ ‘ಎಚ್’, ಕಡಿಮೆಯಿದ್ದರೆ ‘ಎಲ್’, ಕಬ್ಬಿಣವೂ ಲೋಹರೂಪದ ಪಾಲೂ ಎರಡೂ ಕಡಿಮೆಯಿದ್ದರೆ ‘ಎಲ್‌ಎಲ್’. 1967ರಲ್ಲಿ ವ್ಯಾನ್ ಶ್ಮಸ್ ಮತ್ತು ವುಡ್ ಈ ಅಕ್ಷರಗಳ ಜೊತೆಗೆ ಅಂಕಿಯನ್ನೂ ಸೇರಿಸಿದರು. ಇಂದಿನ ಬಳಕೆಯಲ್ಲಿ 3 ಎಂದರೆ ಹುಟ್ಟಿದಾಗ ಇದ್ದಂತೆಯೇ ಬಹುಪಾಲು ಉಳಿದದ್ದು. 4ರಿಂದ 6ಕ್ಕೆ ಏರಿದಂತೆ ಬಿಸಿಗೆ ಬೆಂದು ಮಾರ್ಪಟ್ಟದ್ದು, 2 ಮತ್ತು 1ಕ್ಕೆ ಇಳಿದಂತೆ ನೀರು ತಾಗಿ ಬದಲಾದದ್ದು.

ಈ ಸಂಕೇತದಿಂದ ಕರ್ನಾಟಕದ ಎರಡು ಕಲ್ಲುಗಳನ್ನು ಓದಬಹುದು. 1865ರ ಸೆಪ್ಟೆಂಬರಿನಲ್ಲಿ ಹಳೆಯ ಮೈಸೂರು ಸೀಮೆಯಲ್ಲಿ ಬಿದ್ದು ‘ಮುದ್ದೂರ್’ ಎಂದು ದಾಖಲಾದದ್ದು ಎಲ್5. 1866ರ ಏಪ್ರಿಲಿನಲ್ಲಿ ಉಡುಪಿಯಲ್ಲಿ ಬಿದ್ದದ್ದು ಎಚ್5. ಎರಡೂ ಹಲವು ನೂರು ಡಿಗ್ರಿ ಬಿಸಿಯಲ್ಲಿ ಬೆಂದವು, ಆದರೆ ಅವುಗಳ ತಾಯಿ ಬೇರೆ ಬೇರೆ. ಎಲ್ ಕುಲದ ತಾಯಿ ಕ್ಷುದ್ರಗ್ರಹ ಸುಮಾರು 47 ಕೋಟಿ ವರ್ಷದ ಹಿಂದೆ ದೊಡ್ಡ ಡಿಕ್ಕಿಯಲ್ಲಿ ಒಡೆಯಿತು. ಆಗ ಭೂಮಿಗೆ ಬಿದ್ದ ಚೂರುಗಳು ಸ್ವೀಡನ್ನಿನ ಸುಣ್ಣಕಲ್ಲಿನ ಗಣಿಗಳಲ್ಲಿ ಪಳೆಯುಳಿಕೆಗಳಾಗಿ ಸಿಕ್ಕಿವೆ.

ಅದೇ 1865ರ ಆಗಸ್ಟ್ 25ರಂದು ಬಿಹಾರದ ಶೇರ್‌ಘಾಟಿಯಲ್ಲೂ ಒಂದು ಕಲ್ಲು ಬಿತ್ತು. ಅದರಲ್ಲಿ ಕಾಂಡ್ರೂಲ್ ಇರಲಿಲ್ಲ, ಅದು ಜ್ವಾಲಾಮುಖಿಯ ಶಿಲೆಯಂತಿತ್ತು. ಆಮೇಲೆ ಲೆಕ್ಕ ಹಾಕಿದರೆ ವಯಸ್ಸು ಇಪ್ಪತ್ತು ಕೋಟಿ ವರ್ಷಕ್ಕಿಂತ ಕಡಿಮೆ! ಚಿಕ್ಕ ಕ್ಷುದ್ರಗ್ರಹಗಳು ಅಷ್ಟರೊಳಗೆ ಎಂದೋ ತಣಿದು ಹೋಗಿದ್ದವು. ಅಷ್ಟು ಇತ್ತೀಚಿನವರೆಗೆ ಲಾವಾ ಉಕ್ಕಿಸಲು ದೊಡ್ಡ ಗ್ರಹವೇ ಬೇಕು. ಉತ್ತರ ಸಿಕ್ಕಿದ್ದು 1983ರಲ್ಲಿ. ಅಂಟಾರ್ಕ್ಟಿಕಾದಲ್ಲಿ ದೊರೆತ ಇದೇ ಜಾತಿಯ ಇನ್ನೊಂದು ಕಲ್ಲಿನ ಗಾಜಿನಲ್ಲಿ ಸೆರೆಯಾಗಿದ್ದ ಅನಿಲ, ವೈಕಿಂಗ್ ನೌಕೆಗಳು 1976ರಲ್ಲಿ ಮಂಗಳನ ಮೇಲೆ ಅಳೆದಿದ್ದ ಗಾಳಿಗೆ ಹೋಲಿತು. ಈ ಜಾತಿಯ ಮಂಗಳಶಿಲೆಗಳನ್ನೆಲ್ಲ ಜಗತ್ತು ಬಿಹಾರದ ಆ ಊರಿನ ಹೆಸರಿನಿಂದ ‘ಶೆರ್ಗೊಟೈಟ್’ ಎಂದೇ ಕರೆಯುತ್ತದೆ.

ವಿಜ್ಞಾನಿಗಳಿಗೆ ಬೇಕಾದ ನಿಜವಾದ ನಕ್ಷೆ ಭೂಮಿಯದಲ್ಲ, ಆಕಾಶದ್ದು. 1959ರಲ್ಲಿ ಚೆಕೊಸ್ಲೊವಾಕಿಯಾದ ಪ್ರಿಬ್ರಾಮ್‌ನಲ್ಲಿ ಬಿದ್ದ ಉಲ್ಕೆಯ ದಾರಿ ಕ್ಯಾಮೆರಾಗಳಲ್ಲಿ ಸೆರೆಯಾಗಿ, ಮೊದಲ ಬಾರಿಗೆ ಒಂದು ಉಲ್ಕಾಶಿಲೆಯ ಕಕ್ಷೆಯನ್ನು ನಿಖರವಾಗಿ ಲೆಕ್ಕ ಹಾಕಲಾಯಿತು. ಅದು ಮಂಗಳ ಮತ್ತು ಗುರುಗ್ರಹಗಳ ನಡುವಿನ ಕ್ಷುದ್ರಗ್ರಹ ಪಟ್ಟಿಯಿಂದ ಬಂದಿತ್ತು. 2010ರಲ್ಲಿ ಜಪಾನಿನ ಹಯಬುಸಾ ನೌಕೆ ಇಟೊಕಾವಾ ಕ್ಷುದ್ರಗ್ರಹದಿಂದ ತಂದ ಧೂಳು ಎಲ್‌ಎಲ್ ಕುಲಕ್ಕೆ ಸರಿಹೊಂದಿತು. 2008ರಲ್ಲಿ ಹೊಸೂರಿನ ಬಳಿಯ ಸೂಳಗಿರಿಯಲ್ಲಿ ಬಿದ್ದ ಕಲ್ಲುಗಳದೂ ಅದೇ ಕುಲ.

ಇಷ್ಟೆಲ್ಲ ತಿಳಿಯಬೇಕಾದರೆ ಕಲ್ಲು ಕೆಡದೆ ಕೈಸೇರಬೇಕು. 2022ರ ಆಗಸ್ಟ್ 17ರಂದು ಗುಜರಾತಿನ ದಿಯೋದರ್ ಬಳಿ ಬಿದ್ದ ಕಲ್ಲು ಔಬ್ರೈಟ್ ಎಂಬ ಅಪರೂಪದ ಜಾತಿಯದು. ಭಾರತದಲ್ಲಿ ಅದಕ್ಕೆ ಮೊದಲು ಔಬ್ರೈಟ್ ಬಿದ್ದದ್ದು 1852ರಲ್ಲಿ. ಚೂರುಗಳು ಬೇಗನೆ ಸಂಶೋಧಕರಿಗೆ ಸಿಕ್ಕಿದ್ದರಿಂದ ಅದರ ಜಾತಿ ಗೊತ್ತಾಯಿತು. ನಿಮ್ಮ ಹೊಲದಲ್ಲೋ ಅಂಗಳದಲ್ಲೋ ತೆಳುವಾದ ಕಪ್ಪು ಸಿಪ್ಪೆಯ, ಗಾತ್ರಕ್ಕೆ ಮೀರಿದ ಭಾರದ ಕಲ್ಲು ಬಿದ್ದರೆ ಅದನ್ನು ತೊಳೆಯಬೇಡಿ, ಒಡೆಯಬೇಡಿ. ಆಯಸ್ಕಾಂತವನ್ನೂ ತಾಗಿಸಬೇಡಿ, ಕೋಟಿಗಟ್ಟಲೆ ವರ್ಷಗಳಿಂದ ಕಲ್ಲಿನಲ್ಲಿ ಉಳಿದಿರುವ ಕಾಂತತ್ವದ ದಾಖಲೆ ಒಂದೇ ಕ್ಷಣದಲ್ಲಿ ಅಳಿಸಿಹೋಗುತ್ತದೆ. ಬಿದ್ದಲ್ಲೇ ಫೋಟೋ ತೆಗೆಯಿರಿ, ಜಾಗ ಮತ್ತು ಹೊತ್ತನ್ನು ಬರೆದಿಡಿ. ಚೊಕ್ಕಟವಾದ ಕವರಿನಲ್ಲಿ ಹಾಕಿ ತಹಶೀಲ್ದಾರರ ಮೂಲಕ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ತಲುಪಿಸಿ. ಅದು ನಿಜವಾಗಿ ಉಲ್ಕಾಶಿಲೆಯೇ ಆಗಿದ್ದರೆ, ಜಗತ್ತಿನ ಪಟ್ಟಿಯಲ್ಲಿ ನಿಮ್ಮೂರಿನ ಹೆಸರು ಶಾಶ್ವತವಾಗಿ ಉಳಿಯುತ್ತದೆ.