ಹಳೆಯ ಜೀಪು, ಸವೆದ ಕ್ಲಚ್ಚು

ಗದಗ-ಬೆಟಗೇರಿಯಿಂದ ಹೊರಟು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳತ್ತ ಸಾಗುವ ಹಾದಿಗಳಲ್ಲಿ ಹಳೆಯ ಜೀಪೊಂದನ್ನು ಓಡಿಸುವವನಿಗೆ, ಎಂಜಿನ್ನಿಗಿಂತ ಮೊದಲು ಬಳಲುವ ಅಂಗ ಕ್ಲಚ್ಚೆಂಬುದನ್ನು ಬೇರೊಬ್ಬರು ಹೇಳಿಕೊಡಬೇಕಾಗಿಲ್ಲ. ಮಳೆ ಬಿದ್ದೊಡನೆ ಗಾಲಿಗೆ ಮೆತ್ತಿಕೊಳ್ಳುವ ಎರೆಮಣ್ಣು, ಸುಗ್ಗಿಯಲ್ಲಿ ಮಿತಿಮೀರಿ ಹೇರುವ ಶೇಂಗಾ, ಉಳ್ಳಾಗಡ್ಡಿಯ ಚೀಲಗಳು, ಕಪ್ಪತಗುಡ್ಡದ ಸೆರಗಿನ ಏರುಹಾದಿ, ಸಂತೆಯ ಸಂದಣಿಯಲ್ಲಿ ಹೆಜ್ಜೆಹೆಜ್ಜೆಗೂ ನಿಂತು ಹೊರಡಬೇಕಾದ ಅನಿವಾರ್ಯತೆ, ಇವೆಲ್ಲದರ ಭಾರವೂ ಕಡೆಗೆ ಬಂದು ಬೀಳುವುದು ಒಂದು ತೆಳ್ಳನೆಯ ಬಿಲ್ಲೆಯ ಮೇಲೆ.

ಎಂಜಿನ್ನಿನ ಹಿಂಬದಿಯಲ್ಲಿ ತಿರುಗುವ ಫ್ಲೈವೀಲೆಂಬ ಭಾರವಾದ ಚಕ್ರಕ್ಕೂ, ಅದಕ್ಕೆ ಬೋಲ್ಟುಗಳಿಂದ ಬಿಗಿದ ಪ್ರೆಶರ್ ಪ್ಲೇಟಿಗೂ ನಡುವೆ ಕ್ಲಚ್ ಪ್ಲೇಟು ಸ್ಪ್ರಿಂಗುಗಳ ಒತ್ತಡದಿಂದ ಅಪ್ಪಿಕೊಂಡಿರುವಷ್ಟು ಕಾಲ ಎಂಜಿನ್ನಿನ ಶಕ್ತಿ ಗೇರ್‌ಬಾಕ್ಸಿಗೆ ಹರಿಯುತ್ತದೆ; ಪೆಡಲನ್ನು ತುಳಿದಾಗ ರಿಲೀಸ್ ಬೇರಿಂಗು ಆ ಒತ್ತಡವನ್ನು ಬಿಡಿಸುತ್ತದೆ. ಪ್ಲೇಟಿನ ಲೈನಿಂಗು ಸವೆದಂತೆಲ್ಲ ಹಿಡಿತ ಸಡಿಲುತ್ತದೆ. ‘ಎಂಜಿನ್ ಒದರತೈತಿ, ಗಾಡಿ ಓಡವಲ್ದು’ ಎಂದು ಚಾಲಕನು ದೂರುವುದೂ, ಏರಿನಲ್ಲಿ ಸುಟ್ಟ ವಾಸನೆ ಮೂಗಿಗೆ ಬಡಿಯುವುದೂ ಆಗಲೇ.

ಆದರೂ ಒಡನೆಯೇ ಗೇರ್‌ಬಾಕ್ಸನ್ನು ಇಳಿಸಲು ಹೊರಡುವುದು ವಿವೇಕವಲ್ಲ. ಪೆಡಲಿಗೆ ಇರಬೇಕಾದ ಸಡಿಲು ಇಲ್ಲದೆ ಹೋದಲ್ಲಿ, ಹೊಸ ಪ್ಲೇಟೂ ಜಾರುವುದು ಸಹಜ. ಮೊದಲು ಅದನ್ನು ಸರಿಪಡಿಸಿ ನೋಡಬೇಕು. ಬಳಿಕ ಸಮತಟ್ಟಾದ ಬಯಲಿನಲ್ಲಿ ಹ್ಯಾಂಡ್‌ಬ್ರೇಕನ್ನು ಬಿಗಿದು, ಟಾಪ್ ಗೇರಿನಲ್ಲಿರಿಸಿ, ಕ್ಲಚ್ಚನ್ನು ನಿಧಾನವಾಗಿ ಬಿಟ್ಟಾಗ ಎಂಜಿನ್ನು ಬಂದಾಗದೆ ತಿರುಗುತ್ತಲೇ ಇದ್ದರೆ, ಪ್ಲೇಟಿನ ಆಯುಷ್ಯ ಮುಗಿಯಿತೆಂದು ತಿಳಿಯಬಹುದು. ಈ ಪರೀಕ್ಷೆಯನ್ನು ಪದೇ ಪದೇ ಮಾಡಲಾಗದು, ಅಳಿದುಳಿದ ಲೈನಿಂಗೂ ಸುಟ್ಟೀತು.

ಬಿಚ್ಚುವ ಕೆಲಸದಲ್ಲಿ ತಾಳ್ಮೆಯೇ ಪ್ರಧಾನ. ಬ್ಯಾಟರಿಯ ತಂತಿಯನ್ನು ತೆಗೆದು, ಗಾಡಿಯನ್ನು ಜಾಕಿನ ಮೇಲಷ್ಟೇ ನಂಬದೆ ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಪ್ರೊಪೆಲ್ಲರ್ ಶಾಫ್ಟುಗಳನ್ನು ಕಳಚಬೇಕು. ನಾಲ್ಕು ಗಾಲಿಗೂ ಶಕ್ತಿಯೂಡುವ ಜೀಪಾದರೆ ಗೇರ್‌ಬಾಕ್ಸಿನೊಡನೆ ಟ್ರಾನ್ಸ್‌ಫರ್ ಕೇಸೂ ಸೇರಿರುವುದರಿಂದ, ಅದು ಒಬ್ಬನ ತೋಳಿಗೆ ತಕ್ಕ ಭಾರವಲ್ಲ. ಹೊರಗೆಳೆಯುವಾಗಲಾಗಲಿ, ಮರಳಿ ಕೂಡಿಸುವಾಗಲಾಗಲಿ, ಗೇರ್‌ಬಾಕ್ಸಿನ ಭಾರವೆಲ್ಲ ಅದರ ಶಾಫ್ಟಿನ ಮೂಲಕ ಕ್ಲಚ್ ಪ್ಲೇಟಿನ ಮೇಲೆ ಜೋತುಬೀಳದಂತೆ ನೋಡಿಕೊಳ್ಳದಿದ್ದರೆ ಪ್ಲೇಟು ಬಾಗುತ್ತದೆ. ಹೊಸ ಕ್ಲಚ್ಚು ಹಾಕಿಸಿದ ದಿನದಿಂದಲೇ ಗಾಡಿ ನಡುಗುತ್ತಾ ಹೊರಡುವುದಕ್ಕೆ ಇದೂ ಒಂದು ಕಾರಣ.

ಹಳೆಯ ಪ್ಲೇಟುಗಳ ಲೈನಿಂಗಿನಲ್ಲಿ ಕಲ್ನಾರು ಇರುವುದುಂಟು. ಆ ದೂಳನ್ನು ಕಂಪ್ರೆಸರಿನ ಗಾಳಿಯಿಂದ ಊದುವ ರೂಢಿ ಶ್ವಾಸಕೋಶಕ್ಕೆ ವಿಷಪ್ರಾಯ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯುವುದೇ ಲೇಸು.

ಕಳಚಿದ ಪ್ಲೇಟನ್ನು ಮೂಲೆಗೆಸೆಯದೆ ಪರಿಶೀಲಿಸತಕ್ಕದ್ದು. ರಿವೆಟ್ಟಿನ ತಲೆ ಹೊರಬಂದಿದ್ದರೆ ಅದು ಫ್ಲೈವೀಲನ್ನೂ ಗೀರಿರುತ್ತದೆ. ಗೀರು ಆಳವಾಗಿದ್ದಲ್ಲಿ ಲೇತಿನಲ್ಲಿ ಮೈ ತೆಗೆಸಬೇಕು. ಲೈನಿಂಗು ಎಣ್ಣೆಯಿಂದ ತೊಯ್ದಿದ್ದರೆ ಅಪರಾಧ ಕ್ಲಚ್ಚಿನದಲ್ಲ, ಎಂಜಿನ್ನಿನ ಹಿಂದಿನ ಅಥವಾ ಗೇರ್‌ಬಾಕ್ಸಿನ ಮುಂದಿನ ಆಯಿಲ್ ಸೀಲಿನದು. ಅದನ್ನು ಬಿಟ್ಟು ಪ್ಲೇಟನ್ನಷ್ಟೇ ಬದಲಿಸಿದವನ ಹಣ ನೀರಿಗೆ ಹೋಯಿತು. ರಿಲೀಸ್ ಬೇರಿಂಗನ್ನು ‘ಇನ್ನೂ ನಡೀತೈತಿ’ ಎಂದು ಹಳೆಯದನ್ನೇ ಕೂಡಿಸುವುದೂ ನನ್ನ ಮತದಲ್ಲಿ ಜಿಪುಣತನವೇ ಹೊರತು ಮಿತವ್ಯಯವಲ್ಲ, ಏಕೆಂದರೆ ಅದು ಕೆಟ್ಟ ದಿನ ಗೇರ್‌ಬಾಕ್ಸನ್ನು ಇಳಿಸುವ ಶ್ರಮವೂ ಕೂಲಿಯೂ ಪುನಃ ಅಷ್ಟೇ.

ಹೊಸ ಪ್ಲೇಟನ್ನು ಹಳೆಯ ಗೇರ್ ಶಾಫ್ಟೊಂದರ ಸಹಾಯದಿಂದ ನಟ್ಟನಡುವೆ ನಿಲ್ಲಿಸಿ, ಅದರ ಯಾವ ಮುಖ ಫ್ಲೈವೀಲಿಗೆ ಎಂಬುದನ್ನು ಮತ್ತೊಮ್ಮೆ ನೋಡಿ, ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಶಾಫ್ಟಿನ ಹಲ್ಲುಗಳಿಗೆ ಗ್ರೀಸು ಲೇಪದಷ್ಟೇ ಸಾಕು. ಹೆಚ್ಚಿದ್ದು ಸಿಡಿದು ಲೈನಿಂಗಿಗೇ ಅಂಟುತ್ತದೆ.

ಕಡೆಗೆ ಪೆಡಲಿನ ಸಡಿಲನ್ನು ಆಯಾ ಗಾಡಿಯ ಕೈಪಿಡಿ ಹೇಳಿದಷ್ಟಕ್ಕೆ ಹೊಂದಿಸಿ, ಮೊದಲ ಕೆಲವು ದಿನ ಭಾರ ಹೇರದೆ ಓಡಿಸುವುದು ಒಳ್ಳೆಯದು. ಎಡಗಾಲನ್ನು ಸದಾ ಪೆಡಲಿನ ಮೇಲಿಟ್ಟುಕೊಂಡು ಓಡಿಸುವ ಅಭ್ಯಾಸವುಳ್ಳವರು ದಯವಿಟ್ಟು ಕಾಲನ್ನು ಕೆಳಗಿಳಿಸಿ ನೆಲದ ಮೇಲಿಡಬೇಕು.