ಮುಳ್ಳುತಂತಿಯೊಳಗೆ ಒಂದು ಪ್ರೌಢಶಾಲೆ

ಎರಡನೆಯ ಮಹಾಯುದ್ಧದ ವೇಳೆ ಅಮೆರಿಕದ ಸಾವಿರಾರು ಮಕ್ಕಳು ತಮ್ಮ ದೇಶದ ಪ್ರಜಾಪ್ರಭುತ್ವದ ಪಾಠವನ್ನು ಮುಳ್ಳುತಂತಿಯ ಬೇಲಿಯೊಳಗೆ ಕುಳಿತು ಕಲಿಯಬೇಕಾಯಿತು. ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ನಡೆಸಿದ ನಂತರ, ಅಧ್ಯಕ್ಷ ರೂಸ್‌ವೆಲ್ಟ್ 1942ರ ಫೆಬ್ರವರಿ 19ರಂದು ಹೊರಡಿಸಿದ ಆದೇಶದ ಫಲವಾಗಿ ಸುಮಾರು 1.20 ಲಕ್ಷ ಜಪಾನಿ ಮೂಲದವರನ್ನು ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಮೂರನೇ ಎರಡರಷ್ಟು ಮಂದಿ ಅಮೆರಿಕದ ಪ್ರಜೆಗಳೇ ಆಗಿದ್ದರು.

ಕ್ಯಾಲಿಫೋರ್ನಿಯಾದ ಮ್ಯಾಂಜನಾರ್ ಶಿಬಿರದಲ್ಲಿ ಅದೇ ವರ್ಷ ಪ್ರೌಢಶಾಲೆ ಆರಂಭವಾಯಿತು. ವಾಸಕ್ಕೆಂದು ಕಟ್ಟಿದ ಮರದ ಶೆಡ್‌ಗಳೇ ತರಗತಿಗಳಾದವು. ಮೊದಮೊದಲು ಬೆಂಚುಗಳಿಲ್ಲದೆ ವಿದ್ಯಾರ್ಥಿಗಳು ನೆಲದ ಮೇಲೆ ಕುಳಿತರು. ಹಲಗೆಗಳ ಸಂದಿನಿಂದ ಮರುಭೂಮಿಯ ಧೂಳು ನುಗ್ಗುತ್ತಿತ್ತು. ಆದರೂ ಪಾಠ ನಿಲ್ಲಲಿಲ್ಲ. 1944ರಲ್ಲಿ ಅವರು ‘ಅವರ್ ವರ್ಲ್ಡ್’ ಎಂಬ ವಾರ್ಷಿಕ ಸಂಚಿಕೆಯನ್ನೂ ಹೊರತಂದರು.

1945ರ ನವೆಂಬರ್‌ನಲ್ಲಿ ಶಿಬಿರ ಮುಚ್ಚಿತು. ಅಮೆರಿಕ ಸರ್ಕಾರ ಅಧಿಕೃತವಾಗಿ ಕ್ಷಮೆ ಯಾಚಿಸಿದ್ದು 1988ರಲ್ಲಿ. ಆ ವೇಳೆಗೆ ಅಂದಿನ ವಿದ್ಯಾರ್ಥಿಗಳು ಅರವತ್ತರ ಆಸುಪಾಸಿನಲ್ಲಿದ್ದರು.